ಡೇ ಕೇರ್ ಫೀಸನ್ನು ಅಮ್ಮನ ಸಂಬಳದಿಂದ ಮಾತ್ರ ಯಾಕೆ ಕಳೆಯುತ್ತೀರಿ?

ಪ್ರಶ್ನೆ: ನನ್ನ ಸಂಬಳದ ಬಹುಪಾಲು ಮಗುವಿನ ಡೇ ಕೇರ್ ಫೀಸಿಗೇ ಹೋಗುತ್ತದೆ. ಇಷ್ಟಕ್ಕೆ ಯಾಕೆ ಒದ್ದಾಡಬೇಕು, ಕೆಲಸ ಬಿಟ್ಟುಬಿಡು ಅಂತ ಮನೆಯಲ್ಲಿ ಹೇಳುತ್ತಾರೆ. ಬಿಡಲಾ?

ಉತ್ತರ: ಈ ಪ್ರಶ್ನೆ ಬರದ ತಿಂಗಳಿಲ್ಲ. ಕೇಳುವವರೆಲ್ಲ ತಾಯಂದಿರೇ. ‘ನನ್ನ ಸಂಬಳ ಡೇ ಕೇರ್‌ಗೇ ಸರಿಹೋಗುತ್ತೆ’ ಎಂದು ಒಬ್ಬ ಅಪ್ಪನೂ ನನಗೆ ಬರೆದಿಲ್ಲ. ಮಗು ಇಬ್ಬರದೂ ಅಲ್ವಾ? ಫೀಸನ್ನು ಇಬ್ಬರ ಸಂಬಳ ಕೂಡಿಸಿ, ಅದರಿಂದ ಕಳೆಯಿರಿ.

ಇನ್ನು ಲೆಕ್ಕ. ನೀವು ದುಡಿಯುವ 100ರಲ್ಲಿ ತೆರಿಗೆಗೆ 20, ಡೇ ಕೇರ್‌ಗೆ 50 ಹೋಯಿತು ಅನ್ನಿ. 30 ಉಳಿಯಿತು ಎಂದು ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಮನೆಯ ಆದಾಯ ನೋಡಿ ಕೊಡುವ ಸರ್ಕಾರಿ ನೆರವು ಬರುತ್ತಿದ್ದರೆ, ನಿಮ್ಮ ಸಂಬಳ ಸೇರಿದ್ದಕ್ಕೆ ಅದರಲ್ಲೂ 15 ಕಡಿತವಾದೀತು. ಕೈಗೆ ಬಂದದ್ದು 15. ಗಂಡ ಹೆಂಡತಿಯ ಆದಾಯ ಕೂಡಿಸಿ ತೆರಿಗೆ ಹಾಕುವ ಕಡೆ ಇನ್ನೂ ಕಷ್ಟ. ಜರ್ಮನಿಯಲ್ಲಿ 1958ರಿಂದ ಇರುವ ಪದ್ಧತಿ ಅಂಥದ್ದು. ಇಬ್ಬರಲ್ಲಿ ಕಡಿಮೆ ಸಂಬಳದವರ ದುಡಿಮೆ ಇನ್ನೊಬ್ಬರ ಸಂಬಳದ ಮೇಲೆ ಸೇರುವುದರಿಂದ, ಅದರ ಮೊದಲ ಯೂರೋಗೇ ದೊಡ್ಡ ದರ ತಗಲುತ್ತದೆ. ಸ್ವೀಡನ್ 1971ರಲ್ಲೇ ಇಬ್ಬರ ತೆರಿಗೆ ಬೇರೆ ಮಾಡಿತು. 2002ರಲ್ಲಿ ಡೇ ಕೇರ್ ಫೀಸಿಗೂ ಮಿತಿ ಹಾಕಿತು. ಎರಡನೇ ಸಂಬಳ ಮನೆಗೆ ಉಳಿಯುವಂತೆ ನಿಯಮ ಮಾಡಲು ಸಾಧ್ಯವಿದೆ. ಉಳಿಯದಿದ್ದರೆ ತಾಯಿಯನ್ನು ದೂರಬೇಡಿ.

ಆ 15 ಕೂಡ ಈ ವರ್ಷದ ಮಾತು. ಮಗು ಶಾಲೆಗೆ ಸೇರಿದ ಮೇಲೆ ಡೇ ಕೇರ್ ಖರ್ಚು ಇಳಿಯುತ್ತದೆ. ನಿಮ್ಮ ಬಡ್ತಿ, ಅನುಭವ, ಪಿಂಚಣಿಗೆ ಕಟ್ಟುವ ಹಣ ಬೆಳೆಯುತ್ತಲೇ ಇರುತ್ತವೆ. ನಾಲ್ಕೈದು ವರ್ಷ ಬಿಟ್ಟು ಬಂದು, ಹಳೇ ಸಂಬಳವೂ ಸಿಗದೆ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಹಾಗಾಗಿ ನನ್ನನ್ನು ಕೇಳಿದರೆ, ಎರಡು ಮೂರು ವರ್ಷ ಕೈಯಿಂದ ಸ್ವಲ್ಪ ಹಾಕಬೇಕಾಗಿ ಬಂದರೂ ಬಿಡಬೇಡಿ. ಸಾಲ ಮಾಡಿ ಮಾತ್ರ ಬೇಡ. ಅರ್ಧ ದಿನದ ಕೆಲಸಕ್ಕೆ ಒಪ್ಪುವ ಮುಂಚೆ, ಡೇ ಕೇರ್‌ನವರು ಫೀಸನ್ನೂ ಅರ್ಧ ಮಾಡುತ್ತಾರಾ ಕೇಳಿಕೊಳ್ಳಿ.

ಪ್ರಶ್ನೆ: ಸಂಬಳ ಏರಿ ಮೇಲಿನ ತೆರಿಗೆ ಹಂತಕ್ಕೆ ಹೋದರೆ ಕೈಗೆ ಬರುವುದೇ ಕಡಿಮೆಯಾಗುತ್ತಂತೆ. ಬಡ್ತಿ ಬೇಡ ಅನ್ನಲಾ?

ಉತ್ತರ: ಸುಮ್ನೆ ಹೆದರಿಸಿದ್ದಾರೆ. ಮೇಲಿನ ದರ ಬೀಳುವುದು ಮಿತಿ ದಾಟಿದ ಹಣಕ್ಕೆ ಮಾತ್ರ. ನೋಡಬೇಕಾದ್ದು ನೆರವಿನ ಮಿತಿಯನ್ನು. ಬ್ರಿಟನ್‌ನಲ್ಲಿ ಮಗುವಿನ ಪಾಲನೆಗೆ ವರ್ಷಕ್ಕೆ 2,000 ಪೌಂಡ್‌ವರೆಗೆ ಸಿಗುವ ಒಂದು ನೆರವಿದೆ. ಅಪ್ಪ ಅಮ್ಮನಲ್ಲಿ ಒಬ್ಬರ ಆದಾಯ 1,00,000 ಪೌಂಡ್ ದಾಟಿದರೂ ಅದು ಪೂರ್ತಿ ನಿಲ್ಲುತ್ತದೆ.

ಪ್ರಶ್ನೆ: ಡೇ ಕೇರ್ ರಸೀದಿ ಮಾಡಿಸಿಕೊಟ್ಟು ತೆರಿಗೆ ಉಳಿಸುತ್ತೇನೆ ಅನ್ನುವ ಏಜೆಂಟ್ ಒಬ್ಬರು ಸಿಕ್ಕಿದ್ದಾರೆ.

ಉತ್ತರ: ಅವರ ನಂಬರ್ ಅಳಿಸಿ. ಸಿಕ್ಕಿಬಿದ್ದರೆ ದಂಡ ಕಟ್ಟುವವರು ನೀವು.