ಹೊಲಕ್ಕೆ ನೀರು ಬಿಟ್ಟು ಊರು ಉಳಿಸುವ ಲೆಕ್ಕ

ಯುರೋಪಿನ ನೆರೆ ಮತ್ತು ಬೇಸಾಯದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಐದಕ್ಕೆ ಈ ಕಂತಿನಲ್ಲಿ ಉತ್ತರ.

ನೆದರ್ಲೆಂಡ್ಸ್‌ನಲ್ಲಿ ಕೃಷಿಭೂಮಿಯನ್ನು ನದಿಗೆ ಬಿಟ್ಟುಕೊಟ್ಟರಂತೆ. ಒಂದು ಕಡೆ ಆಹಾರ ಭದ್ರತೆ ಅನ್ನುತ್ತಾ ಇನ್ನೊಂದು ಕಡೆ ಫಲವತ್ತಾದ ನೆಲವನ್ನು ನೀರಿಗೆ ಒಪ್ಪಿಸುವುದು ಯಾವ ಸೀಮೆ ನ್ಯಾಯ?
— ಕೃಷಿ ವಿದ್ಯಾರ್ಥಿ, ಧಾರವಾಡ

ಬಿಟ್ಟುಕೊಟ್ಟಿದ್ದು ನಿಜ. ಆದರೆ ಎಲ್ಲ ಕಡೆ ಒಂದೇ ರೀತಿ ಬಿಟ್ಟುಕೊಟ್ಟಿಲ್ಲ.

1993ರಲ್ಲಿ ಒಮ್ಮೆ, 1995ರಲ್ಲಿ ಮತ್ತೊಮ್ಮೆ ರೈನ್ ಮತ್ತು ಮಾಸ್ ನದಿಗಳು ಉಕ್ಕಿದವು. ಎರಡನೇ ಸಲ ಏರಿ ಒಡೆದೀತು ಎಂಬ ಭಯಕ್ಕೆ ಸುಮಾರು ಎರಡೂವರೆ ಲಕ್ಷ ಜನರನ್ನು, ದನಕರುಗಳ ಸಮೇತ, ಮನೆ ಬಿಡಿಸಿದರು. ಏರಿ ಒಡೆಯಲಿಲ್ಲ. ಆದರೆ ಏರಿಯನ್ನು ಎತ್ತರಿಸುತ್ತಲೇ ಹೋದರೆ, ಅದು ಒಡೆದ ದಿನ ಆಗುವ ಅನಾಹುತವೂ ಅಷ್ಟೇ ದೊಡ್ಡದಾಗುತ್ತದೆ ಎಂಬುದು ಎಂಜಿನಿಯರುಗಳಿಗೆ ಮನದಟ್ಟಾಯಿತು. ಹಾಗೆ ಹುಟ್ಟಿದ್ದು ‘ನದಿಗೆ ಜಾಗ’ ಯೋಜನೆ: ಮೂವತ್ತಕ್ಕೂ ಹೆಚ್ಚು ಕಡೆ ಕಾಮಗಾರಿ, ಸುಮಾರು 230 ಕೋಟಿ ಯೂರೋ ವೆಚ್ಚ. ರೈನ್ ಸೆಕೆಂಡಿಗೆ 16,000 ಘನ ಮೀಟರ್ ನೀರು ಹೊತ್ತು ತಂದರೂ ಊರುಗಳು ಸುರಕ್ಷಿತವಾಗಿರಬೇಕು ಎಂಬುದು ಗುರಿ.

ಇದರಲ್ಲಿ ನೀವು ನೋಡಬೇಕಾದದ್ದು ಓವರ್‌ಡೀಪ್ಸ್ ಪೋಲ್ಡರ್. ಪೋಲ್ಡರ್ ಅಂದರೆ ಸುತ್ತ ಏರಿ ಕಟ್ಟಿ, ನೀರನ್ನು ಹೊರಗೆ ಹಾಕಿ ಒಣಗಿಸಿಟ್ಟ ತಗ್ಗು ನೆಲ. ಮಾಸ್ ಪಾತ್ರದ ಪಕ್ಕದ ಈ ಸುಮಾರು 550 ಹೆಕ್ಟೇರ್‌ನಲ್ಲಿ ಹೆಚ್ಚಿನವರು ಹೈನುಗಾರರು. ನೆರೆ ಬಂದಾಗ ನೀರು ತುಂಬಿಸಲು ನಿಮ್ಮ ಜಾಗ ಬೇಕಾಗಬಹುದು ಎಂದು 2000ದ ಹೊತ್ತಿಗೆ ಗೊತ್ತಾದಾಗ, ಅವರು ಕೋರ್ಟಿಗೆ ಓಡುವ ಬದಲು ತಾವೇ ಒಂದು ನಕ್ಷೆ ಮುಂದಿಟ್ಟರು. ನದಿ ಕಡೆಯ ಏರಿಯನ್ನು ತಗ್ಗಿಸಿ. ಒಳಗೊಂದು ಹೊಸ ಏರಿ ಕಟ್ಟಿ. ಅದಕ್ಕೆ ಹೊಂದಿಕೊಂಡಂತೆ ಸುಮಾರು ಆರು ಮೀಟರ್ ಎತ್ತರದ ಮಣ್ಣಿನ ದಿಬ್ಬ ಹಾಕಿಕೊಡಿ. ಮನೆ, ಕೊಟ್ಟಿಗೆ, ಹಾಲು ಕರೆಯುವ ಯಂತ್ರ ಎಲ್ಲವೂ ಅದರ ಮೇಲಿರಲಿ. ಹಾಗೇ ಆಯಿತು. ಸರಾಸರಿ 25 ವರ್ಷಕ್ಕೊಮ್ಮೆ ಹುಲ್ಲುಗಾವಲು ಮುಳುಗುತ್ತದೆ ಎಂಬ ಅಂದಾಜು; ಉಳಿದ ಕಾಲದಲ್ಲಿ ಅಲ್ಲಿ ಹಸು ಮೇಯುತ್ತವೆ. ಆದರೆ ಎಲ್ಲರಿಗೂ ದಿಬ್ಬ ಸಿಗಲಿಲ್ಲ. ಮೊದಲಿದ್ದ ಮನೆಗಳಲ್ಲಿ ಉಳಿದದ್ದು ಅರ್ಧದಷ್ಟು, ಎಂಟು. ಮಿಕ್ಕವರು ಪರಿಹಾರ ಪಡೆದು ಬೇರೆಡೆ ಹೋದರು ಅಥವಾ ಕಸುಬು ಬಿಟ್ಟರು. ನೋರ್ಡ್‌ವಾರ್ಡ್ ಎಂಬಲ್ಲಿ 4,000ಕ್ಕೂ ಹೆಚ್ಚು ಹೆಕ್ಟೇರ್ ಪೋಲ್ಡರನ್ನೇ ನದಿಗೆ ತೆರೆದರು. ಒಳ್ಳೆಯ ಬೇಸಾಯದ ನೆಲ ಅಲ್ಲಿ ಹೋಯಿತು. ಅದನ್ನು ಮುಚ್ಚಿಟ್ಟು ಯೋಜನೆಯನ್ನು ಹೊಗಳುವವರ ಮಾತು ನನಗೆ ಹಿಡಿಸುವುದಿಲ್ಲ.

ಇನ್ನು ಆಹಾರ ಭದ್ರತೆ. ಯುರೋಪಿಯನ್ ಒಕ್ಕೂಟದಲ್ಲಿ ಬಳಕೆಯಾಗುವ ಧಾನ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ದನ, ಹಂದಿ, ಕೋಳಿಗಳ ಮೇವಿಗೆ. ಹೀಗಿರುವಾಗ ನದಿಪಾತ್ರದ ಕೆಲವು ಸಾವಿರ ಹೆಕ್ಟೇರ್ ಹುಲ್ಲುಗಾವಲು ಅಪರೂಪಕ್ಕೊಮ್ಮೆ ನೆನೆದರೆ ಯಾರ ತಟ್ಟೆಯೂ ಬರಿದಾಗುವುದಿಲ್ಲ. ತಟ್ಟೆಗೆ ಪೆಟ್ಟು ಬೀಳುವುದು ನೀರು ಹೇಳದೆ ಕೇಳದೆ ಬಂದಾಗ. 2023ರ ಸೆಪ್ಟೆಂಬರಿನಲ್ಲಿ ಡೇನಿಯಲ್ ಚಂಡಮಾರುತ ಗ್ರೀಸಿನ ಥೆಸಲಿ ಬಯಲಿಗೆ ನುಗ್ಗಿತು. ಆ ದೇಶದ ಕೃಷಿ ಉತ್ಪನ್ನದಲ್ಲಿ ಸುಮಾರು ಕಾಲು ಭಾಗ ಬರುವುದೇ ಅಲ್ಲಿಂದ. 1962ರಲ್ಲಿ ಬತ್ತಿಸಿ ಹೊಲ ಮಾಡಿದ್ದ ಕಾರ್ಲಾ ಕೆರೆ ತನ್ನ ಹಳೆಯ ಜಾಗಕ್ಕೆ ಮರಳಿ ಬಂತು. ಹತ್ತಿ ಮುಳುಗಿತು, ಕುರಿ, ಮೇಕೆ ಸಾವಿರಗಟ್ಟಲೆ ಸತ್ತವು, ನೀರು ತಿಂಗಳುಗಟ್ಟಲೆ ಇಳಿಯಲಿಲ್ಲ.

ಜರ್ಮನಿಯಲ್ಲಿ ಎಲ್ಬೆ ನದಿಯ ಹತ್ತಿರ ವಾಸವಾಗಿದ್ದೇವೆ. ನಗರ ಉಳಿಸಲು ಬೇಕೆಂದೇ ಹೊಲಗಳಿಗೆ ನೀರು ಬಿಡುತ್ತಾರೆ ಎಂದು ಇಲ್ಲಿನವರು ಹೇಳುತ್ತಾರೆ. ರೈತರು ಇದಕ್ಕೆ ಒಪ್ಪುತ್ತಾರೆಯೇ?
— ಅನಿವಾಸಿ ಕನ್ನಡಿಗರು, ಮ್ಯಾಗ್ಡೆಬರ್ಗ್

ನಿಮ್ಮ ಊರಿನಿಂದ ಕೆಳಗೆ, ಎಲ್ಬೆಗೆ ಹಾವೆಲ್ ನದಿ ಸೇರುವ ತಗ್ಗಿನಲ್ಲಿ 2002ರ ಆಗಸ್ಟಿನಲ್ಲಿ ನಡೆದದ್ದು ಇದೇ. ಉಕ್ಕಿದ ಎಲ್ಬೆಯನ್ನು ಹಾವೆಲ್ ಪೋಲ್ಡರ್‌ಗಳಿಗೆ ತಿರುಗಿಸಿದರು, ವಿಟೆನ್‌ಬೆರ್ಗೆ ಪಟ್ಟಣದಲ್ಲಿ ನೀರಿನ ಮಟ್ಟ ಸುಮಾರು 40 ಸೆಂಟಿಮೀಟರ್ ಇಳಿಯಿತು. ಏರಿಯ ಅಂಚಿನಲ್ಲಿ ನಿಂತವರಿಗೆ ಆ 40 ಸೆಂಟಿಮೀಟರ್ ಎಷ್ಟು ದೊಡ್ಡದೆಂದು ಗೊತ್ತು. ಆದರೆ ಯುರೋಪಿನಲ್ಲಿ ಆಗಸ್ಟ್ ಅಂದರೆ ಬೇಸಿಗೆ. ಹೊಲದಲ್ಲಿ ಪೈರು, ಹುಲ್ಲು ಎಲ್ಲ ನಿಂತಿತ್ತು. ನಿಂತ ನೀರಲ್ಲಿ ಅದೆಲ್ಲ ಕೊಳೆಯಿತು, ನೀರಿನ ಆಮ್ಲಜನಕ ಮುಗಿಯಿತು, ಮೀನು ರಾಶಿ ರಾಶಿ ಸತ್ತು ತೇಲಿದವು. ಚಳಿಗಾಲದ ನೆರೆಯನ್ನು ಹುಲ್ಲುಗಾವಲು ಕೆಲವು ದಿನ ತಡೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಆಲೂಗಡ್ಡೆ ಎರಡೇ ದಿನಕ್ಕೆ ಕೊಳೆಯಲು ಶುರು. ನೀರಿಳಿದ ಮೇಲೆ ಉಳಿದ ಹುಲ್ಲಿಗೂ ಹೂಳು, ಕೊಳಚೆ ಮೆತ್ತಿರುತ್ತದೆ, ದನಕ್ಕೆ ಹಾಕುವ ಹಾಗಿಲ್ಲ. ಬೇಸಿಗೆ ನೆರೆಯನ್ನು ನೀತಿ ಮಾಡುವವರು ಇನ್ನೂ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ. 2021ರ ಜುಲೈ ನೆರೆ ಬೆಳೆ ನಿಂತಿರುವಾಗಲೇ ಬಂದು ಜರ್ಮನಿ, ಬೆಲ್ಜಿಯಂಗಳಲ್ಲಿ 200ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಒಪ್ಪಿಗೆಯ ಮಾತಿಗೆ ಬಂದರೆ, 2023ರ ಮೇ ತಿಂಗಳಲ್ಲಿ ಇಟಲಿಯ ರವೆನ್ನಾ ನಗರಕ್ಕೆ ನೀರು ನುಗ್ಗುವ ಹೊತ್ತಿನಲ್ಲಿ ಕೃಷಿ ಕಾರ್ಮಿಕರ ಸಹಕಾರ ಸಂಘವೊಂದು ತನ್ನ ಹೊಲಗಳಿಗೆ ನೀರು ಹರಿಸಲು ಒಪ್ಪಿತು. ನೂರಾರು ಎಕರೆ ಪೈರು ಮುಳುಗಿತು, ನಗರ ಉಳಿಯಿತು. ದೊಡ್ಡ ಮನಸ್ಸಿನ ಕೆಲಸ, ಎರಡು ಮಾತಿಲ್ಲ. ಆದರೆ ನೀತಿಯನ್ನು ಜನರ ದೊಡ್ಡ ಮನಸ್ಸಿನ ಮೇಲೆ ಕಟ್ಟಲಾಗದು. ಹಂಗೇರಿಯ ತೀಸಾ ನದಿಯ ನೆರೆ ಜಲಾಶಯಗಳದ್ದು ಬೇರೆ ದಾರಿ: ಜಮೀನು ಬಳಸಿಕೊಳ್ಳುವ ಹಕ್ಕಿಗೆ ಮೊದಲೇ ಒಂದು ಇಡಿಗಂಟು, ಮುಂದೆ ನೀರು ಬಿಟ್ಟಾಗ ಹಾಳಾದ ಬೆಳೆಗೆ ಬೇರೆ ಹಣ. ನನಗೆ ಸರಿ ಕಾಣುವುದು ಇದೇ. ಮಳೆ ಬರುವ ಮುಂಚೆ ಕಾಗದ ಆಗಿರಬೇಕು. ನೀರು ಸೊಂಟಕ್ಕೆ ಬಂದಾಗ ಚೌಕಾಶಿಗೆ ಕೂರಲಾಗದು.

ಏರಿಯನ್ನೇ ಇನ್ನಷ್ಟು ಎತ್ತರಿಸಿದರೆ ಈ ತಾಪತ್ರಯವೆಲ್ಲ ಯಾಕೆ?
— ಓದುಗರು, ಮೈಸೂರು

ಊರಿನ ಪಕ್ಕ ಎತ್ತರಿಸಲೇಬೇಕು. ಹೊಲದ ಪಕ್ಕವೂ ಎತ್ತರಿಸಿದರೆ ನೀರು ಕೆಳಗಿನ ಊರಿಗೆ ಇನ್ನೂ ಎತ್ತರವಾಗಿ, ಬೇಗನೆ ತಲುಪುತ್ತದೆ. ಎಲ್ಬೆ ದಡದ ಲೆನ್ಸೆನ್‌ನಲ್ಲಿ ಏರಿಯನ್ನೇ ಹಿಂದಕ್ಕೆ ಸರಿಸಿ ಸುಮಾರು 420 ಹೆಕ್ಟೇರ್ ನದಿಗೆ ಬಿಟ್ಟರು. 2013ರ ನೆರೆಯಲ್ಲಿ ಆ ಜಾಗದ ಆಸುಪಾಸಿನಲ್ಲಿ ಮಟ್ಟ ಹೆಚ್ಚುಕಡಿಮೆ ಅರ್ಧ ಮೀಟರ್ ತಗ್ಗಿತು.

ಬ್ರಸೆಲ್ಸ್‌ನಿಂದ ಯುರೋಪಿಯನ್ ಒಕ್ಕೂಟದ ಇಷ್ಟೊಂದು ಸಹಾಯಧನ ಬರುತ್ತಿದ್ದರೂ 2024ರಲ್ಲಿ ರೈತರು ಟ್ರ್ಯಾಕ್ಟರ್ ಹತ್ತಿ ಬೀದಿಗಿಳಿದದ್ದೇಕೆ?
— ಓದುಗರು, ಬೆಂಗಳೂರು

ಡೀಸೆಲ್ ತೆರಿಗೆ, ಉಕ್ರೇನಿನ ಅಗ್ಗದ ಧಾನ್ಯ, ಕಾಗದಪತ್ರದ ಕಾಟ, ಹೀಗೆ ಹತ್ತಾರು ಕಾರಣ. ನಮ್ಮ ವಿಷಯಕ್ಕೆ ತಾಗುವುದನ್ನಷ್ಟೇ ಹೇಳುತ್ತೇನೆ.

ಒಕ್ಕೂಟದ ಕೃಷಿ ನೀತಿಗೆ 2021ರಿಂದ 2027ರವರೆಗೆ ಇಟ್ಟ ಹಣ ಸುಮಾರು 38,700 ಕೋಟಿ ಯೂರೋ, ಒಟ್ಟು ಬಜೆಟ್ಟಿನ ಹತ್ತಿರಹತ್ತಿರ ಮೂರನೇ ಒಂದು ಭಾಗ. ಅದರ ದೊಡ್ಡ ಪಾಲು ಇಂದಿಗೂ ಹೆಕ್ಟೇರ್ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ. ಹೆಕ್ಟೇರಿಗೆ ಹಣ ಬರುವಾಗ ಯಾವ ರೈತ ತಾನೇ ಒಂದು ಹೆಕ್ಟೇರನ್ನು ನದಿಗೆ ಬಿಟ್ಟಾನು? ಒಕ್ಕೂಟದ್ದೇ 2007ರ ಪ್ರವಾಹ ನಿರ್ದೇಶನವೇನೋ ಪ್ರತಿ ದೇಶವೂ ಅಪಾಯದ ನಕ್ಷೆ ಮಾಡಬೇಕು, ನಿರ್ವಹಣಾ ಯೋಜನೆ ಬರೆಯಬೇಕು, ಆರು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎನ್ನುತ್ತದೆ. ಆಯ್ದ ಜಾಗಗಳಿಗೆ ಬೇಕೆಂದೇ ನೀರು ಬಿಡುವುದನ್ನೂ ಯೋಜನೆಯಲ್ಲಿ ಸೇರಿಸಬಹುದು ಎನ್ನುತ್ತದೆ. ಮುಳುಗಿದ ಹೊಲಕ್ಕೆ ಯಾರು, ಎಷ್ಟು ಕೊಡಬೇಕು ಎಂಬಲ್ಲಿ ಅದು ಬಾಯಿ ಬಿಡುವುದಿಲ್ಲ. ಅದನ್ನು ಆಯಾ ದೇಶವೇ ನೋಡಿಕೊಳ್ಳಬೇಕು. ಒಂದು ಇಲಾಖೆ ನೆಲ ಬಿಡಬೇಡ ಎಂದು ಹಣ ಕೊಡುತ್ತದೆ, ಇನ್ನೊಂದು ಬಿಡು ಎಂದು ನಕ್ಷೆ ಬರೆಯುತ್ತದೆ.

2024ರಲ್ಲಿ ಜಾರಿಗೆ ಬಂದ ಒಕ್ಕೂಟದ ನಿಸರ್ಗ ಪುನಶ್ಚೇತನ ಕಾನೂನು 2030ರೊಳಗೆ 25,000 ಕಿಲೋಮೀಟರ್ ನದಿಗಳು ಅಡೆತಡೆಯಿಲ್ಲದೆ ಹರಿಯುವಂತಾಗಬೇಕು ಎಂಬ ಗುರಿ ಇಟ್ಟಿದೆ. ಚಳವಳಿಯ ಬಿಸಿಗೆ ಅದರ ಹಲ್ಲುಗಳು ಒಂದಷ್ಟು ಉದುರಿದವು. ಬತ್ತಿಸಿದ ಜೌಗು ನೆಲಕ್ಕೆ ಮತ್ತೆ ನೀರು ತುಂಬಿಸುವುದು ರೈತರಿಗೆ ಕಡ್ಡಾಯವಲ್ಲ. ಆಹಾರ ಉತ್ಪಾದನೆಗೆ ಭಾರೀ ಸಂಕಟ ಬಂದರೆ ಕೃಷಿಭೂಮಿಗೆ ಸಂಬಂಧಿಸಿದ ಭಾಗವನ್ನು ಒಂದು ವರ್ಷದವರೆಗೆ ತಡೆಹಿಡಿಯಲೂಬಹುದು. ಅಂತಿಮ ಮತದಾನದಲ್ಲಿ ಆಸ್ಟ್ರಿಯದ ಪರಿಸರ ಸಚಿವೆ ತಮ್ಮದೇ ಚಾನ್ಸಲರ್ ಮಾತು ಮೀರಿ ಪರವಾಗಿ ಮತ ಹಾಕಿದ್ದರಿಂದ ಅಷ್ಟಾದರೂ ಪಾಸಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೋರಿಸ್ ಚಂಡಮಾರುತ ಆಸ್ಟ್ರಿಯವನ್ನೂ ಮುಳುಗಿಸಿತು.

ಕೃಷ್ಣಾ ತೀರದ ನಮಗೆ ಇದು ಆದೀತೇ?
— ಕಬ್ಬು ಬೆಳೆಗಾರರು, ಜಮಖಂಡಿ

2018ರ ನೆರೆಯ ನಂತರ ಕೇರಳ ಡಚ್ಚರ ‘ನದಿಗೆ ಜಾಗ’ ಮಾದರಿಯನ್ನು ತನ್ನ ತಗ್ಗಿನ ಭತ್ತದ ಸೀಮೆ ಕುಟ್ಟನಾಡಿಗೆ ತರಲು ಹೊರಟಿತು. ನಿಮ್ಮಲ್ಲಿ ಹಿಡುವಳಿ ಚಿಕ್ಕದು, ದಿಬ್ಬ ಹಾಕಲು ಅಷ್ಟೊಂದು ಜಾಗವಿಲ್ಲ. ಹಾಗಾಗಿ ಇಡೀ ಮಾದರಿ ಒಗ್ಗುವುದು ಕಷ್ಟ. ಹಂಗೇರಿಯಂತೆ ಮೊದಲೇ ಕರಾರು ಮಾಡಿಕೊಳ್ಳುವ ಪದ್ಧತಿ ಒಗ್ಗಬಹುದು, ಒಂದು ತೊಡಕು ಬಿಡಿಸಿದರೆ: ಪರಿಹಾರ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ, ಮುಳುಗುವ ಕಬ್ಬು ಎಷ್ಟೋ ಸಲ ಲಾವಣಿ (ಗೇಣಿ) ಹಿಡಿದವನದ್ದು. ಭೂಸ್ವಾಧೀನವಾದರೆ ಗೇಣಿದಾರನಿಗೂ ಪರಿಹಾರದ ಹಕ್ಕನ್ನು ಡಚ್ ಕಾನೂನು ಕೊಡುತ್ತದೆ. ನಿಮ್ಮ ಸಂಘದವರು ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುವಾಗ ಮೊದಲು ಕೇಳಬೇಕಾದದ್ದು ಇದನ್ನೇ.