ಕೊಲೆಯ ಪಕ್ಕದಲ್ಲೇ ದೆವ್ವ ಯಾಕೆ?

ಪ್ರಿಯ ಓದುಗರೇ,

ಬಗೆಹರಿಯದ ನಿಜ ಅಪರಾಧಗಳ ಜೊತೆಗೇ ದೆವ್ವ, ಹಾರುವ ತಟ್ಟೆಯ ಕಥೆಗಳನ್ನೂ ತೋರಿಸುವ ಟಿವಿ ಸರಣಿ ‘ಅನ್‌ಸಾಲ್ವ್ಡ್ ಮಿಸ್ಟರೀಸ್’ನ ಹಳೆಯ ಕಂತುಗಳನ್ನು ನೋಡಿ ಬರೆದ ನಿಮ್ಮ ಪತ್ರದಲ್ಲಿ ಸಿಟ್ಟಿದೆ. ಮಗಳನ್ನು ಕಳೆದುಕೊಂಡ ತಾಯಿಯ ಕಣ್ಣೀರು ಆರುವ ಮೊದಲೇ ಹಾರುವ ತಟ್ಟೆಯ ಕಥೆ ಶುರುಮಾಡುತ್ತಾರಲ್ಲ, ಇದು ಆ ತಾಯಿಗೆ ಅವಮಾನವಲ್ಲವೇ ಎಂದು ಕೇಳಿದ್ದೀರಿ. ಅಮೆರಿಕದ ರಾಸ್ವೆಲ್‌ನಲ್ಲಿ ಹಾರುವ ತಟ್ಟೆ ಬಿದ್ದಿತ್ತೆಂಬ ಕಥೆ ನಿಜವೇ ಎಂಬುದು ನಿಮ್ಮ ಎರಡನೇ ಪ್ರಶ್ನೆ.

ಮೊದಲನೆಯದನ್ನು ಅರ್ಧ ಒಪ್ಪುತ್ತೇನೆ. 1987ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಬಿಡಿ ಕಾರ್ಯಕ್ರಮವಾಗಿ ಹುಟ್ಟಿ, ಮರುವರ್ಷ ವಾರದ ಸರಣಿಯಾದ ಇದರ ಪ್ರಾಣವೇ, ಸುಳಿವು ಗೊತ್ತಿದ್ದವರು ಕರೆ ಮಾಡಲೆಂದು ಪರದೆಯ ಮೇಲೆ ಬರುತ್ತಿದ್ದ ಫೋನ್ ನಂಬರು. ಕೊಲೆಗಾರ ಯಾರೆಂದು ಎಲ್ಲೋ ಒಬ್ಬರಿಗೆ ಗೊತ್ತಿರುತ್ತದೆ. ಆ ಒಬ್ಬರು ಟಿವಿ ಮುಂದೆ ಕೂತಿರಲಿ ಎಂಬ ಆಸೆ. ತಲೆಮರೆಸಿಕೊಂಡವರು ಹೀಗೆ ಸಿಕ್ಕಿಬಿದ್ದದ್ದುಂಟು, ದೂರವಾದ ಒಡಹುಟ್ಟಿದವರು ಒಂದಾದದ್ದೂ ಉಂಟು. ದೆವ್ವದ ವಿಷಯದಲ್ಲಿ ಫೋನ್ ಮಾಡಿ ಯಾರು ಏನು ಹೇಳಬೇಕು? ಆದರೆ ದೆವ್ವಕ್ಕಾಗಿ ಕೂತವರೂ ಆರೋಪಿಯ ಫೋಟೋ ನೋಡುತ್ತಿದ್ದರಲ್ಲ, ಆ ಲಾಭವನ್ನು ನಾನು ಅಲ್ಲಗಳೆಯಲಾರೆ.

ನನಗೆ ಕಿರಿಕಿರಿಯಾಗುವುದು ನಿರೂಪಕ ರಾಬರ್ಟ್ ಸ್ಟ್ಯಾಕ್ ಅವರ ದನಿ. ‘ದಿ ಅನ್‌ಟಚಬಲ್ಸ್’ ಎಂಬ ಹಳೆಯ ಟಿವಿ ಸರಣಿಯಲ್ಲಿ ಅಧಿಕಾರಿ ಎಲಿಯಟ್ ನೆಸ್ ಆಗಿ ಕಳ್ಳಭಟ್ಟಿಯವರ ಬೆನ್ನುಹತ್ತಿದ್ದ ನಟ ಅವರು. ಪೊಲೀಸ್ ಕಡತದ ಸಂಗತಿಯನ್ನೂ ಹಳೇ ಮನೆಯ ಪಿಶಾಚಿಯನ್ನೂ ಅವರು ಒಂದೇ ಗಡಸು ದನಿಯಲ್ಲಿ ಹೇಳುತ್ತಾರೆ. ಕಡತ ಗಳಿಸಿಕೊಟ್ಟ ನಂಬಿಕೆಯನ್ನು ಪಿಶಾಚಿ ಪುಕ್ಕಟೆಯಾಗಿ ಅನುಭವಿಸುತ್ತದೆ.

ಇಷ್ಟಾದರೂ, ನೀವು ‘ಎಷ್ಟು ನೈಜ!’ ಎಂದು ಹೊಗಳಿರುವ ಭಾಗವೇ ದೆವ್ವಕ್ಕಿಂತ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ: ನಟರಿಂದ ಮಾಡಿಸುವ ಘಟನೆಯ ಮರುಸೃಷ್ಟಿ. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕೆಲವರಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕಾರುಗಳು ‘ಗುದ್ದಿದಾಗ’ ವೇಗ ಎಷ್ಟಿತ್ತು ಎಂದು 50 ಮಂದಿಗೆ ಕೇಳಿದರು. ಇನ್ನು 50 ಮಂದಿಗೆ ‘ಅಪ್ಪಳಿಸಿದಾಗ’ ಎಂದು ಕೇಳಿದರು. ವಾರದ ನಂತರ, ಒಡೆದ ಗಾಜು ನೋಡಿದಿರಾ ಎಂದರೆ ಮೊದಲ ಗುಂಪಿನಲ್ಲಿ 7 ಜನ, ಎರಡನೆಯದರಲ್ಲಿ 16 ಜನ ಹೌದೆಂದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ! ಒಂದು ಕ್ರಿಯಾಪದಕ್ಕೇ ಇಷ್ಟು ಶಕ್ತಿಯಿದ್ದರೆ, ಮಂದ ಬೆಳಕು, ಹಿನ್ನೆಲೆ ಸಂಗೀತ, ಕಪ್ಪು ಕೋಟಿನ ನಟ ಸೇರಿ ನಿಜವಾದ ಸಾಕ್ಷಿಯ ನೆನಪಿಗೆ ಏನು ಮಾಡಬಹುದು, ಯೋಚಿಸಿ. ನಾಳೆ ಫೋನ್ ಮಾಡುವಾತ ತಾನು ಕಂಡದ್ದನ್ನು ಹೇಳುತ್ತಾನೋ, ಟಿವಿಯಲ್ಲಿ ಕಂಡದ್ದನ್ನೋ?

2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಆವೃತ್ತಿಯಲ್ಲಿ ನಿರೂಪಕರಿಲ್ಲ, ಕಂತಿಗೊಂದೇ ಪ್ರಕರಣ. ಮೊದಲ ಆರು ಕಂತುಗಳಲ್ಲಿ ಹಾರುವ ತಟ್ಟೆಗೆ ಸಿಕ್ಕಿದ್ದು ಒಂದು. ನಿಮಗೆ ಅದು ಹಿಡಿಸಬಹುದು.

ಇನ್ನು ರಾಸ್ವೆಲ್. 1947ರ ಜುಲೈನಲ್ಲಿ ನ್ಯೂ ಮೆಕ್ಸಿಕೋದಲ್ಲಿ ಹಾರುವ ತಟ್ಟೆ ಸಿಕ್ಕಿದೆ ಎಂದು ಪ್ರಕಟಿಸಿದ್ದು ಸ್ವತಃ ಸೇನಾ ವಾಯುನೆಲೆ. ಅದರ ಬೆನ್ನಿಗೇ, ಅದು ಹವಾಮಾನದ ಬಲೂನು ಎಂದು ಸೇನೆ ಮಾತು ಬದಲಿಸಿತು. ಅನುಮಾನ ಹುಟ್ಟದೆ ಇರುತ್ತದೆಯೇ? 1994ರಲ್ಲಿ ವಾಯುಪಡೆ ಕೊಟ್ಟ ವರದಿಯ ಪ್ರಕಾರ ಆ ಅವಶೇಷ ಬಹುಮಟ್ಟಿಗೆ ‘ಪ್ರಾಜೆಕ್ಟ್ ಮೊಗಲ್’ನದು. ಸೋವಿಯತ್ ಅಣುಪರೀಕ್ಷೆಯ ಸದ್ದನ್ನು ಎತ್ತರದ ಗಾಳಿಯಲ್ಲಿ ಹಿಡಿಯಲು ಬಲೂನುಗಳ ಸಾಲನ್ನು ಗುಟ್ಟಾಗಿ ಹಾರಿಬಿಡುತ್ತಿದ್ದ ಯೋಜನೆ ಅದು. ಗುಟ್ಟು ಮುಚ್ಚಿಟ್ಟದ್ದು ನಿಜ, ಮುಚ್ಚಿಟ್ಟದ್ದು ಅನ್ಯಗ್ರಹದವರನ್ನಲ್ಲ.

– ಸಂಪಾದಕ