22 ತಿಂಗಳಾದರೂ ಮಗ ಮಾತಾಡ್ತಿಲ್ಲ, ಕರೆದರೆ ತಿರುಗಲ್ಲ. ಮೂರು ವರ್ಷದವರೆಗೆ ಕಾಯಬಹುದಾ?

ಕಾಯಬೇಡಿ. "ಅವರಪ್ಪನೂ ಮೂರು ವರ್ಷಕ್ಕೇ ಮಾತು ಕಲಿತದ್ದು" ಅಂತ ನಿಮ್ಮ ಅತ್ತೆ ಹೇಳುವಂತೆ ತಡವಾಗಿ ಮಾತಾಡುವ ಮಕ್ಕಳು ಇದ್ದಾರೆ, ನಿಜ. ಆದರೆ ಅಂಥ ಮಕ್ಕಳು ಸಾಮಾನ್ಯವಾಗಿ ಕರೆದರೆ ತಿರುಗುತ್ತವೆ, ಬೇಕಾದ್ದಕ್ಕೆ ಬೆರಳು ತೋರಿಸುತ್ತವೆ, ಬೀದಿಯಲ್ಲಿ ನಾಯಿ ಕಂಡರೆ ಒಮ್ಮೆ ನಾಯಿಯನ್ನೂ ಒಮ್ಮೆ ನಿಮ್ಮ ಮುಖವನ್ನೂ ನೋಡುತ್ತವೆ. ನಿಮ್ಮ ಮಗ ಬೆರಳು ತೋರಿಸದೆ ನಿಮ್ಮ ಕೈ ಹಿಡಿದು ಎಳೆದೊಯ್ಯುತ್ತಾನೆ ಅಂದಿದ್ದೀರಿ. ಮಾತು ಬಾರದ್ದಕ್ಕಿಂತ ನನಗೆ ಇದೇ ಹೆಚ್ಚು ಮುಖ್ಯ ಅನಿಸುತ್ತದೆ. ಇಷ್ಟರಿಂದಲೇ ಆಟಿಸಂ (ಬೇರೆಯವರೊಡನೆ ಬೆರೆಯುವುದು, ಸಂವಹನ ಕಷ್ಟವಾಗುವ ಬೆಳವಣಿಗೆಯ ತೊಡಕು) ಅನ್ನಲಾಗದು, ಪರೀಕ್ಷೆ ಮಾತ್ರ ಈಗಲೇ ಆಗಬೇಕು.

ಮೊದಲು ಕಿವಿ. "ಪಾತ್ರೆ ಬಿದ್ದರೆ ಬೆಚ್ಚುತ್ತಾನೆ, ಕಿವಿ ಸರಿಯಿದೆ" ಅಂತ ಬಿಟ್ಟುಬಿಡುತ್ತಾರೆ. ಜೋರು ಸದ್ದು ಕೇಳಿಸಿ, 'ಸ', 'ತ'ದಂಥ ಸಣ್ಣ ಧ್ವನಿ ಕೇಳಿಸದ ಮಕ್ಕಳಿದ್ದಾರೆ. ಇದನ್ನು ತಿಳಿಯಲು ಬೆರಾ ಪರೀಕ್ಷೆ ಮಾಡುತ್ತಾರೆ: ಸದ್ದಿಗೆ ಕಿವಿಯ ನರ, ಮೆದುಳು ಹೇಗೆ ಸ್ಪಂದಿಸುತ್ತವೆ ಅಂತ ತಲೆಗೆ ತಂತಿ ಅಂಟಿಸಿ ಅಳೆಯುತ್ತಾರೆ. ಅದಕ್ಕೆ ಮಗು ನಿದ್ದೆಯಲ್ಲಿರಬೇಕು. ಅವತ್ತು ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಲಗಲು ಬಿಡಬೇಡಿ. ದಾರಿಯಲ್ಲಿ ಒಂದು ನಿದ್ದೆ ಆಗಿಬಿಟ್ಟರೆ ಅಲ್ಲಿ ಮಲಗುವುದಿಲ್ಲ, ಇನ್ನೊಂದು ದಿನ ಬನ್ನಿ ಅನ್ನುತ್ತಾರೆ. ನಿದ್ದೆಯ ಔಷಧಿ ಕೊಡುತ್ತಾರಾ, ಎಷ್ಟು ಹೊತ್ತು ಹೊಟ್ಟೆ ಖಾಲಿ ಇರಬೇಕು ಅಂತ ಮೊದಲೇ ಕೇಳಿ. ನೆಗಡಿಯಿದ್ದರೆ ತಿಳಿಸಿ, ಕಿವಿಯೊಳಗೆ ನೀರು ಕಟ್ಟಿದ್ದರೆ ಫಲಿತಾಂಶ ಏರುಪೇರಾಗುತ್ತದೆ.

ಹಾವೇರಿಯವರು ಅಂದಿರಿ. ಜಿಲ್ಲಾಸ್ಪತ್ರೆಯಲ್ಲಿ 'ಡಿಇಐಸಿ' ಎಲ್ಲಿ ಅಂತ ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ಮಕ್ಕಳಿಗೆಂದೇ ಮಾಡಿದ ವಿಭಾಗ ಅದು, ದುಡ್ಡು ಕೊಡಬೇಕಿಲ್ಲ. ಅಂಗನವಾಡಿ ಟೀಚರ್‌ಗೆ ಹೇಳಿದರೆ ಅಲ್ಲಿಗೆ ಬರುವ ವೈದ್ಯರ ತಂಡವೇ ಚೀಟಿ ಬರೆದುಕೊಡುತ್ತದೆ. ಕಿವಿ, ಮಾತು ಎರಡನ್ನೂ ಒಂದೇ ಕಡೆ ನೋಡಿಸಬೇಕೆಂದರೆ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 16ರಿಂದ 30 ತಿಂಗಳ ಮಕ್ಕಳಿಗೆ ಆಟಿಸಂ ಸಾಧ್ಯತೆ ಇದೆಯಾ ಅಂತ ನೋಡಲು 'ಎಂ-ಚಾಟ್' ಅನ್ನುವ, ಪೋಷಕರು ಉತ್ತರಿಸುವ 20 ಪ್ರಶ್ನೆಗಳ ಪಟ್ಟಿ ಇರುತ್ತದೆ. ಎಂದೋ ಒಮ್ಮೆ ಮಾಡಿದ್ದನ್ನು ಲೆಕ್ಕಕ್ಕೆ ಹಿಡಿಯದೆ, ದಿನಾ ಹೇಗಿರುತ್ತಾನೋ ಹಾಗೆ ಉತ್ತರಿಸಿ. 3ರಿಂದ 7 ಅಂಕ ಬಂದರೆ ಮತ್ತಷ್ಟು ಪ್ರಶ್ನೆ ಕೇಳುತ್ತಾರೆ, 8 ಅಥವಾ ಹೆಚ್ಚಾದರೆ ನೇರ ತಜ್ಞರ ಬಳಿಗೆ.

ಅಪಾಯಿಂಟ್‌ಮೆಂಟಿಗೆ ತಿಂಗಳುಗಟ್ಟಲೆ ಆಗಬಹುದು. ಅಲ್ಲಿಯವರೆಗೆ ಮನೆಯಲ್ಲಿ ಮಗುವಿಗೆ ಕಲಿಸುವ ಕೆಲಸ ನಿಲ್ಲಬಾರದು. ಮುಚ್ಚಳ ಬಿಗಿಯಾದ ಪಾರದರ್ಶಕ ಡಬ್ಬಿಗೆ ಒಂದು ಹಿಡಿ ಮಂಡಕ್ಕಿ ಹಾಕಿ. ನೆಲದ ಮೇಲೆ, ಅವನ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಎದುರು ಕೂತು ಡಬ್ಬಿ ಕೊಡಿ. ಅವನಿಗೆ ತೆಗೆಯಲಾಗುವುದಿಲ್ಲ. ಮಾತಾಡದೆ ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ಕಣ್ಣೆತ್ತಿ ನೋಡಿದರೂ, ಡಬ್ಬಿ ನಿಮ್ಮತ್ತ ತಳ್ಳಿದರೂ, 'ಆ' ಅಂದರೂ ಅದು ಕೇಳಿದ್ದೇ ಆಯಿತು: "ತೆಗಿ" ಅಂತ ಒಂದೇ ಮಾತು ಹೇಳಿ ನಾಲ್ಕೈದು ಕಾಳು ಕೊಟ್ಟು ಮತ್ತೆ ಮುಚ್ಚಿ. ಎಡವುವುದು ಎರಡು ಕಡೆ. ಒಂದು, ಎಣಿಸುವಷ್ಟು ತಾಳ್ಮೆಯಿಲ್ಲದೆ ನಾವೇ ತೆಗೆದುಕೊಟ್ಟುಬಿಡುತ್ತೇವೆ. ಇನ್ನೊಂದು, "ಹೇಳು, ತೆಗಿ ಅನ್ನು, ಅಂದರೆ ಕೊಡ್ತೀನಿ" ಅಂತ ಅಳುವವರೆಗೆ ಸತಾಯಿಸುತ್ತೇವೆ. ಆಗ ಮಗು ಡಬ್ಬಿಯನ್ನೂ ನಮ್ಮನ್ನೂ ಬಿಟ್ಟು ಹೋಗುತ್ತದೆ. ದಿನಕ್ಕೆ 10 ನಿಮಿಷದಂತೆ ನಾಲ್ಕೈದು ಸಲ, ಊಟ, ಸ್ನಾನ, ಜೋಕಾಲಿಯಲ್ಲೂ ಇದೇ ಕ್ರಮ. ವಾರಕ್ಕೊಂದು ಗಂಟೆಯ ಥೆರಪಿ ಒಂದೇ ಸಾಲುವುದಿಲ್ಲ.

ಮೊಬೈಲಿನಿಂದ ಆಟಿಸಂ ಬರುವುದಿಲ್ಲ, ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಆದರೆ ಮುಖ ನೋಡಿ ಕಲಿಯುವ ಹೊತ್ತನ್ನು ಅದು ತಿಂದುಹಾಕುತ್ತದೆ. ಮೊದಲು ಊಟದ ಹೊತ್ತಿನಲ್ಲಿ ನಿಲ್ಲಿಸಿ. ಕೆಲವು ದಿನ ರಂಪ ಮಾಡುತ್ತಾನೆ, ಕಡಿಮೆ ತಿನ್ನುತ್ತಾನೆ, ಮನೆಯವರೆಲ್ಲ ಒಂದೇ ಮಾತಿಗೆ ನಿಂತರೆ ದಾಟಬಹುದು. ಇಂಗ್ಲಿಷಿಗೆ ಬದಲಾಗಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮನೆಮಾತು ಕನ್ನಡವಾದರೆ ಕನ್ನಡದಲ್ಲೇ ಆಡಿಸಿ. ಸ್ಟೆಮ್ ಸೆಲ್ ಇಂಜೆಕ್ಷನ್, "ಆರು ತಿಂಗಳಲ್ಲಿ ಗುಣ" ಅನ್ನುವ ಪ್ಯಾಕೇಜಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಡಾಕ್ಟರ ಬಳಿ ಹೋಗುವಾಗ ತಾಯಿ ಕಾರ್ಡ್ ಜೊತೆಗೆ ಒಂದೊಂದು ನಿಮಿಷದ ಮೂರು ವಿಡಿಯೊ ಇಟ್ಟುಕೊಳ್ಳಿ: ಹಿಂದಿನಿಂದ ಹೆಸರು ಕರೆದಾಗ, ಒಬ್ಬನೇ ಆಡುವಾಗ, ಏನಾದರೂ ಬೇಕಾದಾಗ. ಹೊಸ ಜಾಗದಲ್ಲಿ ಅತ್ತು ಮಡಿಲು ಬಿಡದ ಮಗುವಿನಿಂದ ಡಾಕ್ಟರಿಗೆ ಇದು ಯಾವುದೂ ಕಾಣಿಸುವುದಿಲ್ಲ.